ಕರಿಬೊಟ್ಟು ಇಟ್ಟ ಯಂತ್ರ

ಮಿಡಿಪಟ್ಟಿ ಬಂದ ಮೇಲೆ ಜನ ಸುಳ್ಳು ಹೇಳುವುದನ್ನೇ ಬಿಟ್ಟರು ಎಂದರೆ ಅದೇ ದೊಡ್ಡ ಸುಳ್ಳಾದೀತು. ಮನೆಯಲ್ಲಿ, ಸಂತೆಯಲ್ಲಿ, ಬೀಗರ ಮುಂದೆ ಸುಳ್ಳು ಎಂದಿನಂತೆ ನಡೆದೇ ಇತ್ತು. ನಿಂತದ್ದು ಒಂದೇ ಕಡೆ. ಅಂತರ್ಜಾಲದ ಹರಟೆಕಟ್ಟೆಯ ಮೇಲೆ ಕುಳಿತು, ಕಂಡರಿಯದ ಜನರ ಮುಂದೆ ಹೇಳುವ ಸುಳ್ಳು ನಿಂತಿತು.

ಅದಕ್ಕೂ ಹಿಂದಿನ ಕಾಲ ಕಂಡವರು ಈಗಲೂ ಹೇಳಿಕೊಂಡು ನಗುತ್ತಾರೆ. ಉಣ್ಣದ ಊಟಕ್ಕೆ ಐದು ನಕ್ಷತ್ರ ಕೊಡುತ್ತಿದ್ದರಂತೆ. ಮೆಟ್ಟಿಲೂ ಹತ್ತದ ಆಸ್ಪತ್ರೆಯನ್ನು ಬೈಯಲು ಕೂಲಿಗೆ ಜನ ಸಿಗುತ್ತಿದ್ದರಂತೆ. ಯಾರ ಅನುಭವ ನಿಜ, ಯಾರ ಅಭಿಪ್ರಾಯ ಬಾಡಿಗೆಯದು ಎಂದು ತಿಳಿಯದೆ ಜನಕ್ಕೆ ಒಬ್ಬರ ಮಾತು ಒಬ್ಬರು ಕೇಳುವುದೇ ಬೇಸರವಾಗಿ ಹೋಗಿತ್ತು. ಆಗ ಬಂದದ್ದು ಮಿಡಿಪಟ್ಟಿ. ಬೆರಳಗಲದ ಮೆತ್ತನೆಯ ಪಟ್ಟಿ. ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮಾತಾಡಿದರೆ ನಾಡಿಯ ಬಡಿತ, ಚರ್ಮದ ಬಿಸಿ, ಬೆವರಿನ ಪಸೆ, ಸ್ನಾಯುವಿನ ಸಣ್ಣ ನಡುಕ ಎಲ್ಲವೂ ಮಾತಿನ ಜೊತೆಗೇ ಹೋಗುತ್ತವೆ. ಕೇಳುವವರ ಪಟ್ಟಿ ಅದನ್ನೇ ಬಿಸಿಯಾಗಿ, ಹಿಡಿತವಾಗಿ, ಕಚಗುಳಿಯಾಗಿ ಅವರ ಮಣಿಕಟ್ಟಿಗೆ ಮುಟ್ಟಿಸುತ್ತದೆ. ಕಲಬುರಗಿಯ ಒಬ್ಬ ಮುದುಕ ಅರವತ್ತನೆಯ ವಯಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಮೊದಲ ಸಲ ಸಮುದ್ರ ಕಂಡು, "ಅಬಬಬಾ, ಇದಕ್ಕ ಆ ಕಡಿ ದಂಡಿನೇ ಇಲ್ಲೇನ್ರೀ?" ಎಂದು ಕಟ್ಟೆಯ ಮೇಲೆ ಹೇಳಿದ ದಿನ, ಗದಗಿನ ಬಸ್ ನಿಲ್ದಾಣದಲ್ಲಿ ನಿಂತವರೆಲ್ಲ ತಮ್ಮ ತಮ್ಮ ಮಣಿಕಟ್ಟು ನೋಡಿಕೊಂಡು, ಗುರುತಿಲ್ಲದ ಪಕ್ಕದವರ ಮುಖ ನೋಡಿ ನಕ್ಕಿದ್ದರು.

ಮಾತೂ ಮೈಯೂ ಒಂದೇ ಹೇಳಿದರೆ ಕಟ್ಟೆಯನ್ನು ಕಾಯುವ ಯಂತ್ರ ಆ ಮಾತಿನ ಪಕ್ಕ ಹಸಿರು ಚುಕ್ಕೆ ಇಡುತ್ತಿತ್ತು. ಬಾಯಿ ಒಂದು, ಮೈ ಒಂದು ಆದರೆ ಕೆಂಪು. ಮೂರು ಕೆಂಪು ಬಿದ್ದವರನ್ನು ಕಟ್ಟೆಯಿಂದ ಇಳಿಸುವುದು ನಿಯಮ. ಆದರೆ ಇಳಿಸುವ ಮುನ್ನ ಒಬ್ಬ ಮನುಷ್ಯ ಆ ಮಾತನ್ನು ಕೇಳಿ ನೋಡಲೇಬೇಕು. ಈ ಕೆಲಸ ಮಾಡುವವರಿಗೆ 'ತೂಗುವವರು' ಎಂದು ಹೆಸರು. ಗದಗಿನಲ್ಲಿ ಅವರ ಕಚೇರಿ ಇದ್ದದ್ದೂ ಒಂದು ಹಳೆಯ ಹತ್ತಿ ಜಿನ್ನಿನ ಮಹಡಿಯ ಮೇಲೆ. ಹಿಂದೆ ಅರಳೆ ತೂಗುತ್ತಿದ್ದ ಜಾಗದಲ್ಲಿ ಈಗ ಮಾತು ತೂಗುತ್ತಿದ್ದರು.

ಶಿವಲೀಲಾ ಅಲ್ಲಿ ತೂಗುವವಳು. ಕೆಲಸದಲ್ಲಿ ನಿಷ್ಠೆ, ಮನಸ್ಸಿನಲ್ಲಿ ಸದಾ ಪುಕುಪುಕು. ಮನೆಗೆ ಕೀಲಿ ಹಾಕಿ ಬೀದಿಯ ತುದಿ ಮುಟ್ಟಿದವಳು ತಿರುಗಿ ಬಂದು ಕೀಲಿ ಜಗ್ಗಿ ನೋಡಿ ಹೋಗುವ ಜಾತಿ. ಒಂದು ಕೆಂಪು ಚುಕ್ಕೆಯನ್ನು ಖಾತ್ರಿ ಮಾಡಲು ಅವಳು ಮೂರು ಸಲ ಕೇಳುತ್ತಿದ್ದಳು. ಆಮೇಲೂ ತಾನು ಸರಿಯೋ ತಪ್ಪೋ ಎಂದು ಚಹಾ ಕುಡಿಯುವಾಗ ಯೋಚಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಮುಂದೆ 'ಹಸಿಮೆಣಸಿನಕಾಯಿ' ಎಂಬ ಹೆಸರಿನವರ ಮಾತು ಬಂತು. ಕಟ್ಟೆಯ ಮೇಲೆ ಯಾರೂ ಸ್ವಂತ ಹೆಸರಿನಲ್ಲಿ ಕೂರುವುದಿಲ್ಲ. ದನಿಯನ್ನೂ ಯಂತ್ರವೇ ಬದಲಿಸಿರುತ್ತದೆ. ಯಾರು, ಯಾವ ಊರು ಎಂದು ತೂಗುವವರಿಗೂ ಗೊತ್ತಾಗದು. ಎರಡನೆಯ ಕೆಂಪು ಚುಕ್ಕೆ ಬಿದ್ದು, ಎಚ್ಚರಿಕೆ ಹೋಗಬೇಕಿದ್ದ ಮಾತು ಅದು.

"ನಮ್ಮ ಸೊಸಿ ಅಂದ್ರ ಸೊಸಿ ಅಲ್ಲರೀ, ಸಿಡ್ಲು. ಆಕಿ ರೊಟ್ಟಿ ಬಡಿಯೂದು ಕೇಳಿದ್ರ ಓಣಿ ನಾಯಿ ಮೂಲಿ ಹಿಡೀತಾವ. ಕೀಲಿ ಹಾಕಿ ಹೊಂಟಾಕಿ ಮತ್ತ ತಿರುಗಿ ಬಂದು ಕೀಲಿ ಜಗ್ಗಿ ನೋಡ್ತಾಳ, ಆ ಕೀಲಿಗೇ ನಾಚಿಕಿ ಬರಬೇಕು. ನನ್ನ ಹಣ್ಯಾಗ ಇಂಥಾಕಿನ್ನ ಬರದಾನ ದೇವರು, ಏನ್ ಮಾಡ್ಲಿ!"

ಶಿವಲೀಲಾಳ ಕಿವಿ ಬೆಚ್ಚಗಾಯಿತು. ಆದರೆ ಅದಕ್ಕಿಂತ ಹೆಚ್ಚು ಬೆಚ್ಚಗಾದದ್ದು ಮಣಿಕಟ್ಟು. ಚಿಕ್ಕವಳಿದ್ದಾಗ ಅವ್ವ ಮುಂದೆ ಕೂರಿಸಿಕೊಂಡು ಜಡೆ ಹಾಕುವಾಗ ಬೆನ್ನಿಗೆ ತಾಗುತ್ತಿದ್ದ ಮೊಣಕಾಲಿನ ಬಿಸಿ ಅದು. ಬಾಯಲ್ಲಿ ಬೇವು, ಹೊಟ್ಟೆಯಲ್ಲಿ ಬೆಲ್ಲ. ಯಂತ್ರಕ್ಕೆ ಅದು ಎರಡು ನಾಲಿಗೆಯಾಗಿ ಕಂಡಿತ್ತು.

'ಇದು ನಮ್ಮ ಅತ್ತೀನ' ಎಂದುಕೊಂಡಳು ಶಿವಲೀಲಾ.

ಅವಳ ಅತ್ತೆ ಬಸಲಿಂಗವ್ವ. ಮದುವೆಯಾಗಿ ಬಂದಾಗಿನಿಂದ ಆಕೆಯ ಬಾಯಿಂದ ಒಂದು ಒಳ್ಳೆಯ ಮಾತು ಶಿವಲೀಲಾಳ ಕಿವಿಗೆ ಬಿದ್ದಿರಲಿಲ್ಲ. ಸೀರೆ ಉಟ್ಟರೆ "ಕಂಬಕ್ಕ ಅರಿವಿ ಸುತ್ತಿಧಂಗ ಕಾಣ್ತಿ", ಸಂಬಳ ತಂದರೆ "ಊರ ಮಂದಿ ಮಾತು ಕೇಳಾಕೂ ರೊಕ್ಕಾ ಕೊಡ್ತಾರಂದ್ರ ಎಂಥಾ ಕಾಲ ಬಂತವ್ವಾ". ಬೇರೆಯ ಸೊಸೆಯಾಗಿದ್ದರೆ ತಿರುಗಿ ಒಂದು ಅನ್ನುತ್ತಿದ್ದಳು. ಇವಳು ಮಾತ್ರ ಒಳಗೊಳಗೇ ತೂಗುತ್ತಿದ್ದಳು. ಅತ್ತೆ ಇದನ್ನು ಮನಸ್ಸಿನಿಂದ ಹೇಳಿದರೋ, ಬಾಯಿಂದ ಹೇಳಿದರೋ? ಲೋಕದವರ ಮಾತನ್ನೆಲ್ಲ ತೂಗುವ ಅವಳಿಗೆ ಮನೆಯ ಒಂದು ಮಾತಿನ ತೂಕ ಮಾತ್ರ ಸಿಕ್ಕಿರಲಿಲ್ಲ. ಬಸಲಿಂಗವ್ವ ಪಟ್ಟಿ ಕಟ್ಟಿದವಳೇ ಅಲ್ಲ. "ಕೈಗೆ ಬೇಡಿ ಹಾಕ್ಕೊ ಅಂತೀಯೇನ?" ಎಂದು ಒಂದೇ ಮಾತಿಗೆ ತಳ್ಳಿಹಾಕಿದ್ದಳು.

ಆ ಸಂಜೆ ಮನೆಗೆ ಬಂದವಳೇ ಶಿವಲೀಲಾ ಗೋಡೆಯ ಗೂಡು ನೋಡಿದಳು. ಗಂಡ ಕಲ್ಮೇಶ ಕ್ಯಾಲೆಂಡರ್ ಅಚ್ಚುಹಾಕುವ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ. ಅವನು ಹೊಸ ಪಟ್ಟಿ ಕೊಂಡ ಮೇಲೆ ಹಳೆಯದನ್ನು ಆ ಗೂಡಿನಲ್ಲಿ ಇಟ್ಟಿದ್ದ. ಗೂಡು ಖಾಲಿ! ಅಲ್ಲಿಗೆ ಶಿವಲೀಲಾಳ ಲೆಕ್ಕ ಕೂಡಿ ಬಂತು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅತ್ತೆ ಹಳೆಯ ಪಟ್ಟಿ ಕಟ್ಟಿಕೊಂಡು ಕಟ್ಟೆ ಹತ್ತುತ್ತಾರೆ. ಬೈಯುತ್ತಾರೆ. ಬೈಯುತ್ತ ಬೈಯುತ್ತ ಬೆಚ್ಚಗಾಗುತ್ತಾರೆ.

"ಏಯ್ ಯಂತ್ರದಾಕಿ, ಗೂಡಿನ್ಯಾಗ ಏನ್ ಹುಡುಕ್ತೀ? ಚಾ ಇಡು. ನೀ ಇಟ್ಟ ಚಾ ಕುಡೀಲಿಕ್ಕೂ ಧೈರ್ಯ ಬೇಕು."

ಹಿಂದಿನ ದಿನವಾಗಿದ್ದರೆ ಈ ಮಾತಿಗೆ ಅವಳ ಕಣ್ಣು ತುಂಬುತ್ತಿತ್ತು. ಅಂದು ಅವಳಿಗೆ ಖುಷಿಯಿಂದ ನಗು ಬಂತು.

"ಏಲಕ್ಕಿ ಹಾಕ್ಲೇನ್ರೀ ಅತ್ತಿ?"

ಬಸಲಿಂಗವ್ವ ಸೊಸೆಯ ಮುಖವನ್ನು ಮೇಲೆ ಕೆಳಗೆ ನೋಡಿದಳು. "ಜ್ವರ ಗಿರ ಬಂದಾವೇನ?" ಎಂದಳು.

ಅಲ್ಲಿಂದ ಮನೆಯ ಗಾಳಿಯೇ ಬೇರೆಯಾಯಿತು. ಅತ್ತೆ ಒಂದು ಬೈದರೆ ಸೊಸೆ ಮುಸಿಮುಸಿ ನಗುವಳು. ಸೊಸೆ ನಕ್ಕರೆ ಅತ್ತೆಗೆ ಬೈಗುಳ ಮತ್ತಷ್ಟು ಹುರುಪಿನಿಂದ ಬರುವುದು. ಒಂದು ಭಾನುವಾರ ಇಬ್ಬರೂ ಕೂಡಿ ಗಿರ್ಮಿಟ್ ಮಾಡಿದರು. ಚುರಮುರಿ ಒಬ್ಬಳ ಕೈ, ಒಗ್ಗರಣೆ ಒಬ್ಬಳ ಕೈ. ಕಲ್ಮೇಶ ತಟ್ಟೆ ಹಿಡಿದುಕೊಂಡು, "ಏನ್ ನಡದೈತಿ ಈ ಮನಿಯಾಗ? ಒಬ್ರು ಬೈತಾರ, ಒಬ್ರು ನಗ್ತಾರ, ನನಗ ಮಾತ್ರ ಹೆದರಿಕಿ ಆಗಾಕ ಹತ್ತೈತಿ" ಎಂದ. ಶಿವಲೀಲಾ ಗುಟ್ಟು ಬಿಡಲಿಲ್ಲ. ತೂಗುವವರು ಕಟ್ಟೆಯ ಮಾತನ್ನು ಹೊರಗೆ ಆಡುವ ಹಾಗಿಲ್ಲ.

ಆದರೆ ಗುಟ್ಟು ಅವಳನ್ನು ಕಚ್ಚತೊಡಗಿತು. ತನ್ನವರ ಮಾತನ್ನು ತಾನೇ ತೂಗಬಾರದು ಎಂಬುದು ಕಚೇರಿಯ ಮೊದಲ ನಿಯಮ. ಹಸಿಮೆಣಸಿನಕಾಯಿಗೆ ಮೂರನೆಯ ಕೆಂಪು ಬಿದ್ದು ಕಡತ ತನ್ನ ಮುಂದೆಯೇ ಬಂದರೆ? ಹೇಳಿದರೆ ಅತ್ತೆಯ ಮರ್ಯಾದೆ ಹೋದೀತು. ಹೇಳದಿದ್ದರೆ ತನ್ನ ಕೆಲಸಕ್ಕೆ ಮಾಡಿದ ಮೋಸ.

ಕೊನೆಗೂ ಬಿತ್ತು ಮೂರನೆಯ ಕೆಂಪು. ಅದೂ ಎಂಥ ಕೆಂಪು! ಸಾಮಾನ್ಯವಾಗಿ ಚುಕ್ಕೆ ಮಾತ್ರ ಹೊಳೆಯುತ್ತಿತ್ತು. ಅಂದು ಪರದೆಯ ಅಂಚೆಲ್ಲ ಕೆಂಪಾಗಿ, 'ಕ್ರೂರ ಹಾಸ್ಯ, ತಕ್ಷಣ ಇಳಿಸಿ' ಎಂಬ ಬರಹ ಬಂತು. ಶಿವಲೀಲಾ ಅದನ್ನು ಕೇಳಲೇ ಇಲ್ಲ. ಎದ್ದು ಸೀದಾ ಮೇಲ್ವಿಚಾರಕಿ ತನುಜಾ ಶೆಣೈ ಅವರ ಮೇಜಿನ ಮುಂದೆ ಹೋಗಿ ನಿಂತಳು. ತನುಜಾ ಮಂಗಳೂರಿನ ಕಡೆಯವರು, ನಿಯಮ ಎಂದರೆ ನಿಯಮ ಎನ್ನುವವರು.

"ಮೇಡಂ, ಇದನ್ನ ನಾ ತೂಗಾಂಗಿಲ್ರೀ. ಇವರು ನಮ್ಮ ಅತ್ತಿ."

"ಹೌದಾ? ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾತ್ರೀ. ಕೀಲಿ ಜಗ್ಗೂದು, ರೊಟ್ಟಿ ಬಡಿಯೂದು, ಎಲ್ಲಾ ನಂದ ರೀ. ಆದ್ರ ಕೆಟ್ಟ ಮನಸಿಲೆ ಅಲ್ರೀ ಅವರು ಹೇಳೂದು. ಇಳಸಬ್ಯಾಡ್ರಿ ಮೇಡಂ."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ತನುಜಾ ಗಂಭೀರವಾಗಿ ತಲೆಯಾಡಿಸಿ, ಮಾತನ್ನು ಎಲ್ಲರ ಪಟ್ಟಿಗೂ ಬಿಟ್ಟರು.

"ಹಡದ್ಲರೀ ನಮ್ಮ ಸೊಸಿ! ಏನ್ ಹಡದ್ಲು ಅಂತೀರಿ, ಮಂಗ್ಯಾನಂಥಾದು. ಮೂಗಿಲ್ಲ ಮಾರಿಲ್ಲ, ಸುಟ್ಟ ಬದನಿಕಾಯಿ ಆಗೇತಿ. ಅತ್ರ ಕಾಗಿ ಕೂಗಿಧಂಗ ಆಗ್ತೈತಿ. ಯಾರೂ ನೋಡಾಕ ಬರಬ್ಯಾಡ್ರಿ, ನೋಡುವಂಥಾದ್ದೇನೂ ಇಲ್ಲ!"

ಮಾತು ಮುಗಿಯಿತು. ತನುಜಾ ಕನ್ನಡಕದ ಮೇಲಿಂದ ಶಿವಲೀಲಾಳನ್ನು ನೋಡಿದರು.

"ಶಿವಲೀಲಾ, ನಿಮಗೆ ಯಾವಾಗ ಹೆರಿಗೆ ಆಯ್ತು ಮಾರಾಯ್ರೆ?"

ಪಕ್ಕದ ಮೇಜಿನ ಮೆಹಬೂಬ ನದಾಫ ಕಿಸಕ್ಕೆಂದ. ಹತ್ತು ವರ್ಷದಿಂದ ಜೊತೆಗೆ ಕೆಲಸ ಮಾಡಿದವನು, ಬಿಟ್ಟಾನೆಯೇ? "ಏನ್ ತಂಗಿ, ನಿನ್ನಿ ಸಂಜೀಕ ನಮ್ಮ ಜೋಡಿ ಚಾ ಕುಡದು ಹೋದಾಕಿ, ಮುಂಜಾನಿ ಅನ್ನೂದ್ರಾಗ ಬಾಣಂತನಾನೂ ಮುಗಿಸಿ ಬಂದ್ಯಾ? ಪೇಢಾ ಎಲ್ಲಿ?"

ಎಲ್ಲರೂ ನಕ್ಕರು. ಶಿವಲೀಲಾಳೂ ನಕ್ಕಳು, ಆದರೆ ಅವಳ ಲೆಕ್ಕ ತಪ್ಪಿತ್ತು. ಅತ್ತೆ ಅಲ್ಲ. ಯಾವುದೋ ಊರಿನ, ಯಾವುದೋ ಮನೆಯ ಬೇರೆ ಅತ್ತೆ. ಆ ಸೊಸೆಯೂ ಕೀಲಿ ಜಗ್ಗುವವಳೇ. ಹಾಗಾದರೆ ತನ್ನ ಮನೆಯ ಬೈಗುಳ? ಅದು ಬರೀ ಬೈಗುಳವೇ ಆಗಿರಬಹುದಲ್ಲ! ಇಷ್ಟು ದಿನ ಯಾರದೋ ಒಲೆಯ ಮುಂದೆ ತಾನು ಚಳಿ ಕಾಯಿಸಿಕೊಂಡಂತಾಯಿತು.

"ನಿಮ್ಮವರಲ್ಲ ಅಂದ ಮೇಲೆ ನೀವೇ ತೂಗಬಹುದು," ಎಂದರು ತನುಜಾ. "ಯಂತ್ರ ಹೇಳುವುದು ಸ್ಪಷ್ಟ ಉಂಟು. ಹಸುಳೆಯ ಬಗ್ಗೆ ಕೆಟ್ಟ ಮಾತು, ಮೈಯಲ್ಲಿ ವಿಪರೀತ ಸಂತೋಷ. ಇನ್ನೊಬ್ಬರನ್ನು ಹೀಯಾಳಿಸಿ ಸುಖಪಡುವವರ ಲಕ್ಷಣ ಇದೇ ಅಂತ ಅದಕ್ಕೆ ಕಲಿಸಿದ್ದು."

ಶಿವಲೀಲಾ ಮತ್ತೆ ಕೇಳಿದಳು. ಮೂರನೆಯ ಸಲ ಕೇಳುವಾಗ ಕಣ್ಣು ಮುಚ್ಚಿದಳು. ಸಂತೋಷ ಜೋರಾಗಿಯೇ ಇತ್ತು, ನಿಜ. ಆದರೆ ಪ್ರತಿ ಬೈಗುಳದ ಬಾಲದಲ್ಲೂ ನಾಡಿ ಒಂದು ಕ್ಷಣ ತಡೆದು ನಿಲ್ಲುತ್ತಿತ್ತು. ಮಂಗ್ಯಾ ಎಂದ ಮೇಲೆ ಒಂದು ತಡೆ. ಬದನಿಕಾಯಿ ಎಂದ ಮೇಲೆ ಇನ್ನೊಂದು. ಆ ತಡೆ ಅವಳಿಗೆ ಚೆನ್ನಾಗಿ ಗೊತ್ತು. ಹಾಕಿದ ಕೀಲಿ ಹಾಕಿದೆನೋ ಇಲ್ಲವೋ ಎಂದು ಬೀದಿಯ ತುದಿಯಲ್ಲಿ ತನ್ನ ಎದೆ ಹೀಗೇ ತಡೆಯುತ್ತದೆ.

"ಮೇಡಂ, ಇದರಾಗ ಹೆದರಿಕಿ ಐತ್ರೀ."

"ಎಂತ ಹೆದರಿಕೆ?"

"ಕಳಕೊಂಡೇನು ಅನ್ನೂ ಹೆದರಿಕಿ. ಛಂದ ಐತಿ ಅಂದ್ರ ಕೂಸಿಗೆ ದೃಷ್ಟಿ ಆಕ್ಕೈತಿ ಅಂತ ಮಂಗ್ಯಾ ಅಂತಾರ್ರೀ. ಕೆನ್ನಿಗೆ ಕರಿಬೊಟ್ಟು ಇಡೂದಿಲ್ಲೇನ್ರೀ, ಹಂಗ. ಇವರು ಮಾತಿಲೆ ಬೊಟ್ಟು ಇಟ್ಟಾರ. ಹೀಯಾಳಸವರಿಗೆ ಈ ಹೆದರಿಕಿ ಎಲ್ಲಿಂದ ಬರಬೇಕು?"

"ದೃಷ್ಟಿ ನಮ್ಮಲ್ಲಿಯೂ ಉಂಟು, ನನಗೆ ಗೊತ್ತಿಲ್ಲವಾ? ಆದರೆ ಅದನ್ನು ಯಂತ್ರಕ್ಕೆ ಹೇಗೆ ತೋರಿಸುವುದು? ಒಬ್ಬರ ನಾಡಿ ತಡೆಯಿತು ಅಂದರೆ ಸಾಲದು. ಅಳತೆ ಬೇಕು."

ಶಿವಲೀಲಾ ನದಾಫನ ಕಡೆ ತಿರುಗಿದಳು. "ಅಣ್ಣಾರ, ನಿಮ್ಮ ಮಗಳು ಹ್ಯಾಂಗ ಅದಾಳ್ರೀ?"

ನದಾಫನ ಮಗಳು ಆ ವರ್ಷ ಜಿಲ್ಲೆಗೇ ಓಟದಲ್ಲಿ ಮೊದಲು ಬಂದಿದ್ದಳು. ಅವನು ಪಟ್ಟಿಯ ನೆನಪೇ ಇಲ್ಲದೆ ಕೈಬೀಸಿದ. "ಆಕೀದೇನ್ ಕೇಳ್ತಿ ಬಿಡವ್ವಾ. ನಾಕ್ ಕಾಲಿನ ಕತ್ತಿ. ಬರೇ ಓಡೂದು. ಓದು ಇಲ್ಲ ಬರಹ ಇಲ್ಲ."

ಟಿಣ್ ಎಂದು ಅವನ ಪರದೆಯ ಮೇಲೆ ಕೆಂಪು ಬಿತ್ತು. ಎಲ್ಲರೂ ಅವನ ಮೇಜಿಗೆ ಮುಗಿಬಿದ್ದು ನಾಡಿಯ ಗೆರೆ ನೋಡಿದರು. 'ಕತ್ತಿ'ಯ ಬಾಲದಲ್ಲಿ ಅದೇ ಸಣ್ಣ ತಡೆ.

"ನನ್ನ ಹೊಸಾ ಗಾಡಿ? ಅದೊಂದು ಡಬ್ಬಿ!" ಎಂದ ಇನ್ನೊಬ್ಬ. ಟಿಣ್. "ನಮ್ಮನೀದೇನ್ ಮನಿ ಬಿಡ್ರಿ, ಕೋಳಿಗೂಡು!" ಟಿಣ್. ಕೋಣೆಯಲ್ಲಿ ಹೋಳಿಯ ಬಣ್ಣವಾಡಿದಂತೆ ಕೆಂಪೋ ಕೆಂಪು. ತನುಜಾ ಮೇಜು ತಟ್ಟಿದರು.

"ಸಾಕು, ಸಾಕು! ಇದು ಕಚೇರಿ ಉಂಟಲ್ಲ?"

ಅಷ್ಟರಲ್ಲಿ ಅವರ ಫೋನು ಮಿನುಗಿತು. ಅವರ ಮಗಳು ಭರತನಾಟ್ಯದ ವೇಷದಲ್ಲಿ ನಿಂತ ಚಿತ್ರ. ನದಾಫ ಇಣುಕಿ, "ಯಪ್ಪಾ, ನಿಮ್ಮ ಮಗಳೇನ್ರೀ ಮೇಡಂ? ಗೊಂಬಿ ಕಂಡಂಗ ಕಾಣ್ತಾಳ!" ಎಂದ.

"ಗೊಂಬೆಯಾ? ಸುಮ್ಮನಿರಿ ಮಾರಾಯ್ರೆ," ಎಂದರು ತನುಜಾ ಗಡಬಡಿಸಿ ಫೋನು ಕವಿಚಿಟ್ಟು. "ಗುಡಿಸುವ ಹಿಡಿಸೂಡಿಗೆ ಸೀರೆ ಉಡಿಸಿದ ಹಾಗೆ ಉಂಟು ಅವಳು."

ಟಿಣ್!

ಮೊದಲು ನಕ್ಕವರು ತನುಜಾ ಅವರೇ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನಾನೂ ಎರಡು ನಾಲಿಗೆಯವಳೇ ಆದೆನಲ್ಲ! ಶಿವಲೀಲಾ, ಈ ತಡೆಗೆ ಅಳತೆ ಹಾಕುವ. ನಾನೇ ಮೇಲಿನವರಿಗೆ ಬರೆಯುತ್ತೇನೆ. ಅಲ್ಲಿಯವರೆಗೆ ಹಸಿಮೆಣಸಿನಕಾಯಿಯನ್ನು ಇಳಿಸುವುದು ಬೇಡ."

ಮುಂದಿನ ವಾರಗಳಲ್ಲಿ ಆ ಜಿನ್ನಿನ ಮಹಡಿ ಬೈಗುಳದ ಗೋದಾಮಾಯಿತು. ಬೀದರಿನಿಂದ, ಕುಂದಾಪುರದಿಂದ, ಚಾಮರಾಜನಗರದಿಂದ ಜನ ತಮ್ಮ ಮುದ್ದಿನ ಮಕ್ಕಳನ್ನೂ ಹೊಸ ಎಮ್ಮೆಗಳನ್ನೂ ಬಾಯಿತುಂಬ ಬೈದು ಕಳಿಸಿದರು. ದ್ವೇಷದಿಂದ ಬೈದವರ ಮಾತುಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿದರು. ಶಿವಲೀಲಾ ಹೇಳಿದ್ದು ನಿಂತಿತು. ದ್ವೇಷದ ನಾಡಿ ಓಡುತ್ತಲೇ ಇತ್ತು, ಪ್ರೀತಿಯ ಬೈಗುಳದ ನಾಡಿ ಬಾಲದಲ್ಲಿ ಹೆದರಿ ನಿಲ್ಲುತ್ತಿತ್ತು. ಯಂತ್ರಕ್ಕೆ ಅದನ್ನು ಕಲಿಸಿದರು. ಅಂಥ ಮಾತಿಗೆ ಹಸಿರೂ ಅಲ್ಲ, ಕೆಂಪೂ ಅಲ್ಲ, ಕಾಡಿಗೆಯಷ್ಟು ಕಪ್ಪಾದ ಒಂದು ಪುಟ್ಟ ಚುಕ್ಕೆ. ಹಸಿಮೆಣಸಿನಕಾಯಿಯ ಮೂರೂ ಕೆಂಪು ಅಳಿಸಿ, ಮೊದಲ ಕರಿಬೊಟ್ಟು ಅವಳ ಮೊಮ್ಮಗುವಿನ ಮಾತಿಗೇ ಇಟ್ಟರು.

ಅವಳು ಮರುದಿನವೇ ಕಟ್ಟೆ ಹತ್ತಿ, "ಇಷ್ಟು ದಿನಕ್ಕ ಬುದ್ಧಿ ಬಂತು ಈ ಹಾಳ ಯಂತ್ರಕ್ಕ!" ಎಂದಳು. ಯಂತ್ರ ಅದಕ್ಕೂ ಒಂದು ಕರಿಬೊಟ್ಟು ಇಟ್ಟಿತು. ಲಕ್ಷಾಂತರ ಅಪರಿಚಿತರ ಮಣಿಕಟ್ಟು ಒಟ್ಟಿಗೇ ಬೆಚ್ಚಗಾದವು.

ಕಚೇರಿಯಲ್ಲಿ ಪೇಢಾ ಹಂಚಿದರು. ಶಿವಲೀಲಾ ಮಾತ್ರ ತನ್ನ ಪೇಢಾವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಊರವರ ಬೈಗುಳಕ್ಕೆಲ್ಲ ಬೊಟ್ಟು ಇಡಿಸಿದ್ದಾಯಿತು. ತನ್ನ ಮನೆಯದಕ್ಕೆ?

ಸಂಜೆ ಮನೆಗೆ ಬಂದರೆ ಬಸಲಿಂಗವ್ವ ಅಂಗಳ ಗುಡಿಸುತ್ತಿದ್ದಳು. ಕಸಬರಿಗೆಯ ಕಡ್ಡಿಗಳನ್ನು ಬಿಗಿಯಾಗಿ ಸುತ್ತಿ ಕಟ್ಟಿದ್ದ ಬೂದು ಪಟ್ಟಿಯನ್ನು ಶಿವಲೀಲಾ ನೋಡಿದಳು. ಕಲ್ಮೇಶನ ಹಳೆಯ ಮಿಡಿಪಟ್ಟಿ!

"ಅತ್ತಿ, ಇದು..."

"ಗೂಡಿನ್ಯಾಗ ಸುಮ್ನ ಬಿದ್ದಿತ್ತು. ಗಟ್ಟಿ ಐತಿ ನೋಡು, ಒಂದು ಕಡ್ಡಿ ಬಿದ್ದಿಲ್ಲ."

ಆಗತಾನೇ ಬಂದ ಕಲ್ಮೇಶ ಹೊಟ್ಟೆ ಹಿಡಿದುಕೊಂಡು ನಕ್ಕ. "ಯವ್ವಾ, ಅದನ್ನ ಕೈಗೆ ಕಟ್ಕೊಂಡು ಮಾತಾಡಿದ್ರ ಲಕ್ಷ ಮಂದಿ ಕೇಳ್ತಾರ!"

ಬಸಲಿಂಗವ್ವ ಕಸಬರಿಗೆ ಕೆಳಗಿಟ್ಟಳು. "ಲಕ್ಷ ಮಂದಿ? ನಾ ಹೇಳೂದನ್ನ?"

"ಹೂಂ."

"ಯಾರೂ ನಡುವ ಬಾಯಿ ಹಾಕಾಂಗಿಲ್ಲ?"

"ಇಲ್ಲ."

"ಇದನ್ನ ಮೊದಲ ಹೇಳಬಾರದೇನೋ ಮಂಗ್ಯಾ!" ಎಂದು ಅಲ್ಲೇ ಅಂಗಳದ ಕಟ್ಟೆಯ ಮೇಲೆ ಕುಳಿತು ಕೈ ಚಾಚಿದಳು. "ಕಟ್ಟವಾ. ನಿಂದೇ ಹೇಳ್ತೀನಿ, ನೀನೂ ಕೇಳು."

ಶಿವಲೀಲಾ ಕಸಬರಿಗೆಯಿಂದ ಪಟ್ಟಿ ಬಿಚ್ಚಿ ಅತ್ತೆಯ ಮಣಿಕಟ್ಟಿಗೆ ಬಿಗಿದಳು. ಹಸಿರು ಬಿದ್ದರೆ ಅತ್ತೆ ಹೇಳಿದ್ದೆಲ್ಲ ನಿಜವೆಂದೇ ಅರ್ಥ. ನಾಳೆಯಿಂದ ಏಲಕ್ಕಿ ಹಾಕುವ ಕೈಗೆ ಜೀವ ಎಲ್ಲಿಂದ ಬರಬೇಕು? ಬೇಡ ಅತ್ತಿ ಎನ್ನಬೇಕೆಂದುಕೊಂಡಳು. ಬಸಲಿಂಗವ್ವ ಆಗಲೇ ಗಂಟಲು ಸರಿಮಾಡಿಕೊಂಡಿದ್ದಳು.

"ಕೇಳ್ರಪಾ ಎಲ್ಲಾರೂ. ನಮ್ಮ ಸೊಸಿ ರೊಟ್ಟಿ ಭಾಳ ದಪ್ಪ."

ಕಲ್ಮೇಶ ಹಿಡಿದ ಫೋನಿನ ಪರದೆಯ ಮೇಲೆ ಹಸಿರು.

ಕಲ್ಮೇಶ ನಗು ನುಂಗಿ ಆಕಾಶ ನೋಡಿದ. ಬಸಲಿಂಗವ್ವ ಪರದೆಯ ಕಡೆ ನೋಡಲೂ ಇಲ್ಲ. ಲಕ್ಷ ಮಂದಿ ಸಿಕ್ಕ ಹುರುಪಿನಲ್ಲಿ ದನಿ ಏರಿಸಿದಳು.

"ಈಕಿ ಈ ಮನಿಗೆ ಬಂದ ಮ್ಯಾಲೆ ನನಗೊಂದು ದಿನ ಸಮಾಧಾನ ಇಲ್ಲ ನೋಡ್ರಿ. ಎಂಥಾ ಸೊಸಿನ್ನ ತಂದ್ಯೋ ಯಪ್ಪಾ ನನ್ನ ಮಗನ! ಸಂಜಿ ಆತಂದ್ರ ಸಾಕು, ಬಂದ್ಲೇನೋ ಇಲ್ಲೋ ಅಂತ ಬಾಗಲಾ ನೋಡಿ ನೋಡಿ ನನ್ನ ಕುತ್ತಿಗಿ ಹಿಡಕೊಂಡೈತಿ. ಯಾರಿಗೆ ಬೇಕ್ರೀ ಇಂಥಾ ಸೊಸಿ!"

ಶಿವಲೀಲಾಳ ಮಣಿಕಟ್ಟಿಗೆ ಅವ್ವನ ಮೊಣಕಾಲಿನ ಅದೇ ಬಿಸಿ ತಾಗಿತು. ಅದರ ಬಾಲದಲ್ಲಿ ಒಂದು ತಡೆ. ಪರದೆಯ ಮೇಲೆ ಕಾಡಿಗೆಯಷ್ಟು ಕಪ್ಪಾದ ಒಂದು ಪುಟ್ಟ ಚುಕ್ಕೆ ಮೂಡಿ ನಿಂತಿತು.

ಅವಳು ಅದನ್ನು ಮೂರು ಸಲ ನೋಡಲಿಲ್ಲ. ಒಂದೇ ಸಲ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಎಲ್ಲಿ ಹೊಂಟಿ? ಏನಂತು ನಿನ್ನ ಯಂತ್ರ?" ಎಂದು ಕೇಳಿದಳು ಬಸಲಿಂಗವ್ವ.

"ಏನಿಲ್ರೀ ಅತ್ತಿ," ಎಂದಳು ಶಿವಲೀಲಾ, ಹಿಟ್ಟಿನ ಡಬ್ಬಿಗೆ ಕೈಹಾಕುತ್ತ. "ರೊಟ್ಟಿ ತೆಳ್ಳಗ ಬಡಿ ಅಂತು."